ಆ ಮುಷ್ಟಿ ನನ್ನದಲ್ಲ

2002ರ ಫೆಬ್ರವರಿಯ ಒಂದು ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ದಾಟಿ ಹತ್ತು ನಿಮಿಷ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯ ಒಂದು ಮಾತ್ರೆ ಕಾರ್ಖಾನೆಯಲ್ಲಿ, ಪುಡಿ ಕಲಸುವ ಯಂತ್ರದ ಎಡಕ್ಕೆ, ಎರಡು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ನನ್ನ ಕಣ್ಣಿನ ಎತ್ತರಕ್ಕೆ, ಯಂತ್ರ ಎಳೆಯುವ ಕರೆಂಟು ತೋರಿಸುವ ಆಂಪಿಯರ್ ಮೀಟರು ಇತ್ತು. ಕೈಯಲ್ಲಿ ಪೆನ್ನು ಮತ್ತು ರಟ್ಟಿಗೆ ಸಿಕ್ಕಿಸಿದ ಒಂದು ಹಾಳೆ. ಯಂತ್ರದ ಬಲಕ್ಕೆ, ಮೀಟರಿಗೆ ಬೆನ್ನು ಮಾಡಿ ಸಿದ್ದರಾಜು ನಿಂತಿದ್ದ. ಗ್ಲೌಸು ಹಾಕಿದ ಬಲಗೈಯಲ್ಲಿ ಅವನು ಒಂದು ಹಿಡಿ ಒದ್ದೆ ಪುಡಿಯನ್ನು ಮುಷ್ಟಿ ಕಟ್ಟಿ ಹಿಡಿದಿದ್ದ. ಮುಷ್ಟಿ ತೆರೆದ. ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಉದುರಲಿಲ್ಲ, ಕೈಗೆ ಮೆತ್ತಲೂ ಇಲ್ಲ. ನಡುವೆ ಮುರಿದು ಎರಡು ಹೋಳಾಯಿತು.

"ಆಯ್ತು ಸಾ," ಅಂದ.

ಇದನ್ನು ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಹೋದ ವರ್ಷ ಭಾಲ್ಕಿಗೆ ಬಂದಾಗ ನಾನು ಕಲಿತ ಶಾಲೆಯವರು ನನಗೆ ಶಾಲು ಹೊದಿಸಿದರು. ಮಾತ್ರೆಯ ನೆತ್ತಿ ಕಳಚುವುದನ್ನು ನಿಲ್ಲಿಸಿದ ನಮ್ಮ ಹುಡುಗ, ಹಾಸನದಂಥ ದೂರದ ಸೀಮೆಯಲ್ಲಿ ಹೆಸರು ಮಾಡಿದವನು, ಎಂದು ಮೈಕಿನಲ್ಲಿ ಹೇಳಿದರು. ನಾನು ಶಾಲು ಸರಿಮಾಡಿಕೊಂಡು ಕೂತೆ. ಬೀದರ್ ಸೀಮೆಯ ನನ್ನ ಜನ ಓದಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಹಾಸನಕ್ಕೆ ಬಂದದ್ದು 1997ರ ಜೂನಿನಲ್ಲಿ. ನಮ್ಮಲ್ಲಿ ಜೂನ್ ಅಂದರೆ ಹಗಲು ಹೊರಗೆ ಕಾಲಿಡಲು ಹೆದರುವ ದಿನಗಳು. ಇಲ್ಲಿ ಬಸ್ಸಿನಿಂದ ಇಳಿದಾಗ ಜನ ಸ್ವೆಟರು ಹಾಕಿಕೊಂಡು ಜಿಟಿಜಿಟಿ ಮಳೆಯಲ್ಲಿ ನಿಂತಿದ್ದರು. ದಾರಿ ಕೇಳಿದೆ. "ಇಂಗೇ ನೇರ ಓಗಿ ಸಾ," ಅಂದರು. ಅದೂ ಕನ್ನಡವೇ, ಆದರೆ ನನ್ನ ಕಿವಿಗೆ ಅರ್ಧ ತಿಂದು ಉಳಿಸಿದಂತೆ ಕೇಳಿಸಿತು. ನಮ್ಮಲ್ಲಿ ಬೈಯುವಾಗಲೂ ಒಂದು 'ರೀ' ಸೇರಿಸುತ್ತೇವೆ. ಇಲ್ಲಿ ಪ್ರೀತಿಯವರನ್ನೇ 'ಲೇ' ಅನ್ನುತ್ತಾರೆ. ಕಾರ್ಖಾನೆಯಲ್ಲಿ ಯಂತ್ರ ನಡೆಸುತ್ತಿದ್ದ ಅರಕಲಗೂಡು ಕಡೆಯ ಜವರಯ್ಯ ಮೊದಲ ದಿನ ಯಾರನ್ನೋ "ಬಾರ್ಲಾ ಇಲ್ಲಿ" ಎಂದು ಕೂಗಿದಾಗ, ಇನ್ನು ಜಗಳ ಖಂಡಿತ ಅಂದುಕೊಂಡೆ. ಬಂದವನು ನಗುತ್ತ ಬಂದು ಅವನ ಹೆಗಲ ಮೇಲೆ ಕೈ ಹಾಕಿದ.

ಸಿದ್ದರಾಜು ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವನು. ನಾವಿಬ್ಬರೂ ಬಿ.ಫಾರ್ಮ ಓದಿದವರು. ವಯಸ್ಸಿನಲ್ಲಿ ಅವನು ಎರಡು ವರ್ಷ ಚಿಕ್ಕವನು, ಕೆಲಸದಲ್ಲಿ ಒಂದು ಮೆಟ್ಟಿಲು ಕೆಳಗಿನವನು. ಹೊಳೆನರಸೀಪುರದಲ್ಲಿ ಕಂಪನಿಯ ವ್ಯಾನು ನಿಲ್ಲುವ ಜಾಗಕ್ಕೆ ಹತ್ತಿರವಿದ್ದ ರೂಮು ತೋರಿಸಿದವನೂ ಅವನೇ. ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಬಾಗಿಲವರೆಗೂ ಜೊತೆಗೆ ಬಂದ ಸಿದ್ದರಾಜು ಒಳಗೆ ಬರಲಿಲ್ಲ.

"ನಿಮ್ಮೆಸ್ರಲ್ಲಿ ತಗಳಿ ಸಾ. ನಾನು ಒಂದ್ವಾರ ಬುಟ್ಕಂಡು ಬತ್ತೀನಿ. ನಾನು ಕೇಳುದ್ರೆ ಕೀ ಕೈಗೆ ಬರಕಿಲ್ಲ."

ಮೇಷ್ಟ್ರು ನನ್ನನ್ನು ಕೂರಿಸಿ ಕಾಫಿ ಕೊಟ್ಟು, "ನೀವು ಯಾವ ಪೈಕಿ?" ಎಂದು ಕೇಳಿದರು. ಪೈಕಿ ಅಂದರೆ ಯಾವ ಜಾತಿಯ ಕಡೆಯವರು ಎಂದು. ನಮ್ಮಲ್ಲಿ ಮನೆದೇವರ ಹೆಸರು ಕೇಳಿ ಅದನ್ನು ತಿಳಿದುಕೊಳ್ಳುತ್ತಾರೆ. ಇಲ್ಲಿ ನೇರವಾಗಿ ಕೇಳಿದರು, ಅಷ್ಟೇ ವ್ಯತ್ಯಾಸ. ಹೇಳಿದೆ. ಕೀ ಕೊಟ್ಟರು. ಒಂದು ವಾರದ ಮೇಲೆ ಸಿದ್ದರಾಜು ತನ್ನ ಟ್ರಂಕು ಮತ್ತು ಬುದ್ಧನ ಒಂದು ಪಟ ತಂದ. ಪಟವನ್ನು ಕಿಟಕಿಯಿಂದ ಕಾಣದ ಗೋಡೆಗೆ ತೂಗು ಹಾಕಿದ. ಮೇಷ್ಟ್ರಿಗೆ ನಾನು, "ನಮ್ಮ ಕಂಪನಿ ಹುಡುಗ," ಅಂದೆ. ಅವರು ಮತ್ತೇನೂ ಕೇಳಲಿಲ್ಲ.

2000ನೇ ಇಸವಿಯಲ್ಲಿ ಕಾರ್ಖಾನೆಗೆ ಒಂದು ಸುತ್ತೋಲೆ ಬಂತು. ದೂರದ ಒಂದು ವಿದ್ಯಾಸಂಸ್ಥೆ ಔಷಧ ತಯಾರಿಕೆಯ ಎಂಜಿನಿಯರಿಂಗಿನಲ್ಲಿ, ಕೆಲಸ ಬಿಡದೆ ಓದುವ ಸ್ನಾತಕೋತ್ತರ ಪದವಿ ತೆರೆದಿತ್ತು. ಪುಸ್ತಕ ಅಂಚೆಯಲ್ಲಿ ಬರುತ್ತದೆ, ಪರೀಕ್ಷೆ ಬೆಂಗಳೂರಿನಲ್ಲಿ ಭಾನುವಾರ. ಕೊನೆಯ ಪ್ರಬಂಧವನ್ನು ಓದುವವನು ತನ್ನ ಕಾರ್ಖಾನೆಯದೇ ಒಂದು ತೊಂದರೆ ಹಿಡಿದು ಬರೆಯಬೇಕು. ಕಂಪನಿ ಒಪ್ಪಿಗೆ ಪತ್ರ ಕೊಡುವುದು ಒಬ್ಬರಿಗೆ ಮಾತ್ರ. ನಾನೂ ಸಿದ್ದರಾಜುವೂ ಅರ್ಜಿ ಹಾಕಿದೆವು. ಅರ್ಜಿಯ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: ಓದು ಮುಗಿದ ಮೇಲೆ ಮೂರು ವರ್ಷ ಇಲ್ಲೇ ಇರುತ್ತೀರಾ? ಅವನು 'ಇರುತ್ತೇನೆ' ಎಂದು ಬರೆದ. ನಾನು ಬೀದರಿಗೆ ಮರಳುವ ಆಸೆ ಇಟ್ಟುಕೊಂಡಿದ್ದವನು. 'ಊರಿನವರನ್ನು ಕೇಳಿ ತಿಳಿಸುತ್ತೇನೆ' ಎಂದು ಬರೆದೆ. ಆ ಒಂದು ಸಾಲಿಗೆ ಸೀಟು ಹೋಯಿತು. ಇದು 2009. ನಾನು ಇನ್ನೂ ಇಲ್ಲೇ ಇದ್ದೇನೆ.

ಓದುವವನಿಗೆ ಕೆಲಸದ ಜಾಗದಲ್ಲಿ ಹಿರಿಯನೊಬ್ಬ ಮಾರ್ಗದರ್ಶಕನಾಗಿ ಇರಬೇಕು, ಅವನ ಸಹಿ ಇಲ್ಲದೆ ವರದಿ ಹೋಗಬಾರದು ಎಂಬುದು ಆ ಸಂಸ್ಥೆಯ ನಿಯಮ. ಆಗಿನ ಮ್ಯಾನೇಜರು ನನ್ನ ಹೆಸರು ಬರೆದರು. ಓದುವವನು ಅವನು, ಸಹಿ ಹಾಕುವವನು ನಾನು.

ಪುಸ್ತಕದ ಕಟ್ಟು ರೂಮಿಗೇ ಬರುತ್ತಿತ್ತು. ಅವನು ಪಾಳಿಗೆ ಹೋದಾಗ ನಾನು ಬಿಚ್ಚಿ ಓದುತ್ತಿದ್ದೆ, ಮೊದಲಿದ್ದಂತೆಯೇ ಮಡಿಸಿ ಇಡುತ್ತಿದ್ದೆ. ಎರಡು ವರ್ಷ ಹೀಗೆ ಆ ಪದವಿಯನ್ನೆಲ್ಲ ಕದ್ದು ಓದಿದೆ. ಓದಿದ್ದನ್ನು ಬಳಸಿದ್ದು ಅವನ ವರದಿಗಳಲ್ಲಿ ತಪ್ಪು ಹುಡುಕಲು. ತಪ್ಪು ಸಿಗದಾಗ ಅಕ್ಷರ ದುಂಡಗಿಲ್ಲ ಎಂದು ತಿರುಗಿಸಿ ಕೊಟ್ಟೆ. ಒಂದು ದಿನ ಅವನು ಪೇಟೆಯಿಂದ ಕೆಂಪು ಮಸಿಯ ಪೆನ್ನು ತಂದು ನನ್ನ ಮುಂದಿಟ್ಟ.

"ನಿಮ್ದು ಮುಗಿದೋಗಿರ್ತದೆ ಅಂತ ತಂದೆ ಸಾ. ನನ್ ಪೇಪರ್ ಮೇಲೆ ಇನ್ನೂ ಬೇಜಾನ್ ಜಾಗ ಅದೆ."

ನಗುತ್ತಲೇ ಹೇಳಿದ. ನಾನೂ ನಕ್ಕೆ.

ನಮ್ಮ ಕಾರ್ಖಾನೆಯ ತೊಂದರೆ ಜ್ವರದ ಮಾತ್ರೆಯದು. ಔಷಧದ ಪುಡಿಯನ್ನು ಗಂಜಿಯಂಥ ಅಂಟು ಹಾಕಿ ಕಲಸಿ, ಒಣಗಿಸಿ, ಆಮೇಲೆ ಮಾತ್ರೆ ಒತ್ತುತ್ತಾರೆ. ಕಲಸಿದ್ದು ಹದ ತಪ್ಪಿದರೆ ಮಾತ್ರೆಯ ನೆತ್ತಿ ಟೋಪಿಯಂತೆ ಕಳಚಿ ಬೀಳುತ್ತದೆ. ಬೇಸಿಗೆಯಲ್ಲಿ ಸರಿಯಾಗಿ ಬರುತ್ತಿದ್ದ ಮಾತ್ರೆ ಮಳೆಗಾಲದಲ್ಲಿ ಕೆಡುತ್ತಿತ್ತು. ಬರೆದಿಟ್ಟ ವಿಧಾನದಲ್ಲಿ 'ಎಂಟು ನಿಮಿಷ ಕಲಸುವುದು' ಎಂದಿತ್ತು. ನಾನು ಗಡಿಯಾರ ಹಿಡಿದು ಎಂಟು ನಿಮಿಷ ಕಲಸಿಸುತ್ತಿದ್ದೆ. ಜವರಯ್ಯ ಮಾತ್ರ ಕಲಸಿದ್ದನ್ನು ಮುಷ್ಟಿಯಲ್ಲಿ ಹಿಡಿದು ನೋಡಿ, "ಇನ್ನೂ ಬಂದಿಲ್ಲ ಸಾ," ಎಂದು ಗೊಣಗುತ್ತಿದ್ದ. ನಾನು ಗಡಿಯಾರ ತೋರಿಸುತ್ತಿದ್ದೆ.

ಒಂದು ಭಾನುವಾರ ಸಿದ್ದರಾಜು ನನ್ನನ್ನು ತನ್ನ ಹಳ್ಳಿಗೆ ಕರೆದುಕೊಂಡು ಹೋದ. ಅವನ ಅವ್ವ ಒಲೆಯ ಮುಂದೆ ಕೂತು, ಪಾತ್ರೆಯನ್ನು ಎರಡು ಕಾಲಲ್ಲಿ ಒತ್ತಿ ಹಿಡಿದು, ಕೋಲಿನಲ್ಲಿ ಮುದ್ದೆ ತಿರುವುತ್ತಿದ್ದರು. ನಡುವೆ ಬೆರಳನ್ನು ನೀರಿಗೆ ಅದ್ದಿ ಹಿಟ್ಟನ್ನು ಮುಟ್ಟಿ ನೋಡಿದರು. ಅಂಟಿತು. ಮತ್ತೆ ತಿರುವಿದರು.

"ಎಷ್ಟು ಹೊತ್ತು ತಿರುವಬೇಕವ್ವ?" ಎಂದು ಸಿದ್ದರಾಜು ಕೇಳಿದ.

"ಗಡಿಯಾರ ನೋಡ್ಕಂಡು ಮುದ್ದೆ ಕಟ್ಟಕ್ಕಾದದೇನ್ಲಾ? ಇಟ್ಟು ಅಳೇದೋ ಒಸದೋ, ಮಳೇಲಿ ತೇವ ಕುಡ್ಕಂಡದೋ, ಅದ್ರ ಮ್ಯಾಲೆ ಓಯ್ತದೆ. ಕೈಗೆ ಗೊತ್ತಾಯ್ತದೆ ಕಣ, ಓದ್ದೋನಿಗೆ ಇಷ್ಟೂ ತಿಳ್ಯಕಿಲ್ವಾ?" ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಕಡೆ ರೊಟ್ಟಿಯಂತಲ್ಲಪ್ಪಾ, ಇವತ್ತು ಇದ್ನೇ ಉಣ್ಣು," ಅಂದರು.

ಸಿದ್ದರಾಜು ಊಟ ಮಾಡಲಿಲ್ಲ. ಅವ್ವನ ಬೆರಳನ್ನೇ ನೋಡುತ್ತ ಕೂತಿದ್ದ. ನಾನು ಹೊಟ್ಟೆ ತುಂಬ ಉಂಡೆ. ನನ್ನ ತಾಯಿಯೂ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುವಾಗ ಹೀಗೆಯೇ ಹೇಳುತ್ತಿದ್ದಳು. ಇಪ್ಪತ್ತು ವರ್ಷ ಕೇಳಿದ್ದೆ. ಹಾಸನಕ್ಕೆ ಬರುವಾಗ ಉಪ್ಪಿನಕಾಯಿ ತಂದೆ, ಜೋಳದ ಹಿಟ್ಟು ತಂದೆ. ಆ ಮಾತನ್ನು ಅಲ್ಲೇ ಬಿಟ್ಟು ಬಂದಿದ್ದೆ.

ಮರುದಿನದಿಂದ ಅವನು ಜವರಯ್ಯನ ಜೊತೆ ನಿಂತು ಮುಷ್ಟಿ ಹಿಡಿಯಲು ಕಲಿತ. ಕಲಸಿದ ಪುಡಿ ಗಟ್ಟಿಯಾದಂತೆ ಯಂತ್ರ ಹೆಚ್ಚು ಕರೆಂಟು ಎಳೆಯುತ್ತದೆ, ಮೀಟರಿನ ಮುಳ್ಳು ಏರುತ್ತದೆ. ಮುಷ್ಟಿ ಸರಿಯಾಯಿತು ಅನ್ನುವ ಹೊತ್ತಿಗೆ ಮುಳ್ಳು ಎಲ್ಲಿರುತ್ತದೆ ಎಂದು ಒಂದು ವರ್ಷ ಪ್ರತಿ ಬ್ಯಾಚಿನಲ್ಲೂ ಬರೆದಿಟ್ಟ. ಮಳೆಯಿರಲಿ ಬಿಸಿಲಿರಲಿ, ನಿಮಿಷ ಬೇರೆಬೇರೆಯಾಗುತ್ತಿತ್ತು, ಮುಳ್ಳು ಬೇರೆಯಾಗುತ್ತಿರಲಿಲ್ಲ. ನಾನೂ ಒಬ್ಬನೇ ಇದ್ದಾಗ ಮುಷ್ಟಿ ಹಿಡಿದು ನೋಡಿದೆ. ನನ್ನ ಕೈಗೆ ಎಲ್ಲವೂ ಒಂದೇ ರೀತಿ ಇತ್ತು.

ಹೀಗೆ ಆ ಫೆಬ್ರವರಿಯ ಭಾನುವಾರ ಬಂತು. ಸಂಸ್ಥೆಯಿಂದ ಬಂದ ಪರೀಕ್ಷಕರು ವಯಸ್ಸಾದವರು, ಸಂಶಯದ ಮನುಷ್ಯ. ಸಿದ್ದರಾಜು ಮೀಟರು ನೋಡಬಾರದು, ಮಾರ್ಗದರ್ಶಕರು ಮುಷ್ಟಿಯ ಬಗ್ಗೆ ಏನೂ ಹೇಳಬಾರದು, ಬೇರೆಬೇರೆ ಬ್ಯಾಚಿನಲ್ಲಿ ಮೂರು ಸಲ ಆಗಲಿ ಅಂದರು. ಅರ್ಧ ಅರ್ಧ ನಿಮಿಷಕ್ಕೆ ಯಂತ್ರ ನಿಲ್ಲಿಸಿ ಅವನಿಗೆ ಒಂದು ಹಿಡಿ ಕೊಡುವುದು. ನಿಲ್ಲಿಸುವ ಮುಂಚೆ ಮುಳ್ಳು ಎಲ್ಲಿತ್ತು ಎಂದು ನಾನು ಬರೆಯುವುದು. ಪರೀಕ್ಷಕರೂ ಮ್ಯಾನೇಜರೂ ಮುಷ್ಟಿಯ ಕಡೆ ನಿಂತರು. ಮೀಟರಿನ ಮುಂದೆ ನಾನೊಬ್ಬನೇ, ಹಾಗೆಂದುಕೊಂಡಿದ್ದೆ.

ಮೊದಲ ಸಲ ಅವನು 'ಆಯ್ತು' ಅಂದಾಗ ಮುಳ್ಳು ತೋರಿಸಿದ್ದು ಹದಿನಾಲ್ಕು. ಬರೆದೆ. ಎರಡನೆಯ ಸಲವೂ ಹದಿನಾಲ್ಕು. ಬರೆದೆ. ಮೂರನೆಯ ಸಲ, ಅಂದರೆ ಹನ್ನೊಂದು ಹತ್ತಕ್ಕೆ, ಯಂತ್ರ ನಿಲ್ಲುವ ಮುಂಚೆ ಮುಳ್ಳು ಮತ್ತೆ ಹದಿನಾಲ್ಕರ ಮೇಲಿತ್ತು. ನನ್ನ ಪೆನ್ನು ಹಾಳೆಯ ಮೇಲೆ ನಿಂತಿತು. ಹನ್ನೆರಡು ಎಂದು ಬರೆದರೆ ಸಾಕಿತ್ತು. ಒಂದು ಅಂಕಿಯಲ್ಲಿ ಅವನ ಎರಡು ವರ್ಷ ಮುಗಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತೆನೋ ಹೇಳಲಾರೆ. ಸ್ವಿಚ್ಚಿನ ಹತ್ತಿರ, ನನ್ನ ಬೆನ್ನ ಹಿಂದೆ, ಜವರಯ್ಯ ಮೆಲ್ಲಗೆ ಕೆಮ್ಮಿದ.

"ಅದ್ನಾಕು ಸಾ. ಬರ್ಕಳಿ. ನಾನೂ ನೋಡ್ದೆ."

ಬರೆದೆ. ಪರೀಕ್ಷಕರು ಹಾಳೆ ನೋಡಿ ಸಿದ್ದರಾಜುವಿನ ಗ್ಲೌಸು ಬಿಚ್ಚಿಸಿ ಕೈಕುಲುಕಿದರು. ಜವರಯ್ಯ ನೋಡದೇ ಇದ್ದಿದ್ದರೆ ನಾನು ಏನು ಬರೆಯುತ್ತಿದ್ದೆ ಎಂದು ನನ್ನನ್ನು ಕೇಳಬೇಡಿ. ಅದನ್ನು ಮುಂದಿನ ವರ್ಷ ನಾನೇ ಮಾಡಿ ತೋರಿಸಿದೆ.

ಸಿದ್ದರಾಜುವಿಗೆ ಪದವಿ ಬಂತು. 'ಮುಳ್ಳು ಹದಿನಾಲ್ಕಕ್ಕೆ ಬರುವವರೆಗೆ ಕಲಸುವುದು' ಎಂಬ ಹೊಸ ವಿಧಾನದ ಹಾಳೆಯನ್ನು ಕಾರ್ಖಾನೆಗೆ ನಾನು ಬರೆದೆ, ಅಂಥ ಹಾಳೆಗೆ ನನ್ನ ದರ್ಜೆಯವರೇ ಸಹಿ ಹಾಕಬೇಕು ಎಂಬ ನಿಯಮವಿತ್ತು. 'ತಯಾರಿಸಿದವರು' ಎಂಬಲ್ಲಿ ನನ್ನ ಸಹಿ ಬಿತ್ತು. ಮಾತ್ರೆಯ ನೆತ್ತಿ ಕಳಚುವುದು ನಿಂತಿತು. ಅಷ್ಟರಲ್ಲಿ ಹಳೆಯ ಮ್ಯಾನೇಜರು ವರ್ಗವಾಗಿ ಹೋಗಿ ಹೊಸಬರು ಬಂದಿದ್ದರು. 2003ರ ಮಳೆಗಾಲದಲ್ಲಿ ವಿದೇಶದ ಕೊಳ್ಳುವವರು ಕಾರ್ಖಾನೆ ನೋಡಲು ಬಂದರು. ಹಾಳೆ ತಿರುವಿ, ಇದನ್ನು ಕಂಡುಹಿಡಿದವರು ಯಾರು ಎಂದು ಕೇಳಿದರು. ಹೊಸ ಮ್ಯಾನೇಜರು ನನ್ನ ಸಹಿಯ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದರು. ನಾನು ಕಿಟಕಿಯ ಪಕ್ಕ ನಿಂತಿದ್ದೆ. ಬಾಗಿಲಲ್ಲಿ ಫೈಲು ಹಿಡಿದು ಸಿದ್ದರಾಜು, ಅವನ ಪಕ್ಕದಲ್ಲಿ ಪ್ರಯೋಗಶಾಲೆಯ ಶಾಂತಲಾ. ಜವರಯ್ಯ ಅಲ್ಲಿರಲಿಲ್ಲ.

ನಾನು ಹೌದೆಂದು ತಲೆಯಾಡಿಸಿದೆ.

ಅಂದು ಸಂಜೆ ರೂಮಿನಲ್ಲಿ ಸಿದ್ದರಾಜು ಅಕ್ಕಿ ಆರಿಸುತ್ತ ಕೂತಿದ್ದ. ನನ್ನನ್ನು ನೋಡದೆ ಹೇಳಿದ: "ರೂಮೂ ನಿಮ್ಮೆಸ್ರಲ್ಲೇ ಅದೆ, ಇದೂ ಇರ್ಲಿ ಬುಡಿ ಸಾ." ಸ್ವಲ್ಪ ಹೊತ್ತು ಕಲ್ಲು ಆರಿಸಿ, "ಆದ್ರೆ ರೂಮಿಗೆ ಬಾಡ್ಗೆನಾರ ಅರ್ಧ ನೀವೂ ಕೊಡ್ತಿದ್ರಿ," ಅಂದ.

ಆಮೇಲೆ ಎಂದಿನಂತೆ ಸಾರಿಗೆ ಏನು ಹಾಕಲಿ ಎಂದು ಕೇಳಿದ. ಆ ಮಾತು ಮತ್ತೆ ಎತ್ತಲಿಲ್ಲ. ನನಗೆ ಬಡ್ತಿ ಬಂತು. ಅವನು ಬರೆದುಕೊಟ್ಟಂತೆ ಮೂರು ವರ್ಷ ಪೂರೈಸಿ, 2005ರಲ್ಲಿ ಟ್ರಂಕು ಕಟ್ಟಿದ. ಎಲ್ಲಿಗೆ ಎಂದು ಕೇಳಿದೆ.

"ನಿಮ್ಮೂರ್ಕಡೀಕೇ ಸಾ. ಬೀದರು. ಅಲ್ಲೊಂದು ಕಾರ್ಖಾನೆಯೋರು ಕರ್ದವ್ರೆ. ಸೀಟಿನ ಅರ್ಜೀಲಿ ನೀವು ಊರು ಅಂದ್ರಿ, ನಾನು ಇರ್ತೀನಿ ಅಂದೆ. ಉಲ್ಟಾ ಆಯ್ತು ನೋಡಿ."

ನಾನು ಹಾಸನದಲ್ಲಿ ಮನೆ ಕಟ್ಟಿದೆ. ನನ್ನ ಮಕ್ಕಳು 'ಓಗು' ಅನ್ನುತ್ತಾರೆ, ಮುದ್ದೆಯನ್ನು ಅಗಿಯದೆ ನುಂಗುತ್ತಾರೆ, ಭಾಲ್ಕಿಗೆ ಬಂದರೆ ಬಿಸಿಲೆಂದು ಅಳುತ್ತಾರೆ. ಹೇಮಾವತಿಯ ನೀರು ನನಗೂ ಒಗ್ಗಿದೆ. ಆದರೂ ಇಲ್ಲಿಯ ಅಂಗಡಿಯವನು ನಾನು ಬಾಯಿ ತೆರೆದ ಕೂಡಲೇ, "ಸಾ ಯಾವ ಕಡೆಯೋರು?" ಅನ್ನುತ್ತಾನೆ. ಅಲ್ಲಿ ಸಿದ್ದರಾಜುವನ್ನು ಯಾರೂ ಹಾಗೆ ಕೇಳುವುದಿಲ್ಲವಂತೆ. ಫೋನಿನಲ್ಲಿ, "ಅರಾಮ ಇದ್ದೀನ್ರಿ," ಅನ್ನುತ್ತಾನೆ. ಬೀದರಿನಲ್ಲಿ ಅವನು ಹಿಡಿದ ರೂಮು ಅವನ ಹೆಸರಿನಲ್ಲೇ ಇದೆ.

ಶಾಲು ಹೊದಿಸಿದ್ದಾದ ಒಂದು ತಿಂಗಳಿಗೆ, ಭಾಲ್ಕಿಯಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ತಾಯಿ ಫೋನು ಮಾಡಿದಳು.

"ನಿನ್ನ ದೋಸ್ತ ಬಂದಿದ್ದ ನೋಡು, ಹಾಸನದಾಂವ. ರೊಟ್ಟಿ ಮಾಡ್ಲತ್ತಿದ್ದೆ, ಪಕ್ಕಕ್ಕ ಕುಂತು ಹಿಟ್ಟು ನಾದಿ ಕೊಟ್ಟ. ಕೈ ಭಾಳ ಛಲೋ ಅದ ಅವಂದು. ನಿನಗ ಎಂದೂ ಬರ್ಲಿಲ್ಲ ನೋಡು."

"ಏನಂದ?" ಎಂದು ಕೇಳಿದೆ.

"ಏನಂತಾನ? ನಿನ್ನ ಶಾಲಿನ ಫೋಟೋ ನೋಡ್ದ. ಛಲೋ ಅದ ಅಂದ."

ಸೀಟು ಹೋದಾಗ ಉರಿದ ಹೊಟ್ಟೆ ಇಷ್ಟು ವರ್ಷದ ಮೇಲೆ, ನನ್ನದೇ ತಾಯಿಯ ಒಲೆಯ ಮುಂದೆ ಅವನು ಕೂತನೆಂದು ಕೇಳಿ, ಮತ್ತೆ ಉರಿಯಿತು. ಮೂರು ದಿನ ಉರಿಯಿತು. ನಾಲ್ಕನೆಯ ದಿನ ಇದನ್ನು ಬರೆಯಲು ಕೂತೆ. ಉರಿ ಆರಿದ್ದರಿಂದ ಬರೆದೆ ಎಂದು ತಿಳಿಯಬೇಡಿ, ಆರಿಲ್ಲ. ಆ ಶಾಲನ್ನು ಶಾಲೆಗೆ ಅಂಚೆಯಲ್ಲಿ ಕಳಿಸಿದ್ದೇನೆ.

ಮುಳ್ಳು ಹದಿನಾಲ್ಕರ ಮೇಲಿತ್ತು, ಮುಷ್ಟಿ ಸಿದ್ದರಾಜುವಿನದು. ನನ್ನ ಮಾತನ್ನು ಈಗ ನೀವು ನಂಬಬೇಕಾಗಿಲ್ಲ. ಅಂದು ಅಲ್ಲಿದ್ದವರಲ್ಲಿ ಪರೀಕ್ಷಕರು ತೀರಿಹೋದರು, ಹಳೆಯ ಮ್ಯಾನೇಜರೂ ಇಲ್ಲ. ಜವರಯ್ಯ ಇದ್ದಾನೆ, ಅರಕಲಗೂಡಿನಲ್ಲಿ ಮಗಳ ಮನೆಯಲ್ಲಿದ್ದಾನೆ, ಕಿವಿ ಮಂದವಾಗಿದೆ, ಕಣ್ಣು ಚೆನ್ನಾಗಿದೆ. ನಾನು ತಲೆಯಾಡಿಸಿದ್ದನ್ನು ಕಂಡ ಶಾಂತಲಾ ಇದ್ದಾಳೆ, ಹಾಸನದಲ್ಲಿ, ಇನ್ನೂ ಅದೇ ಪ್ರಯೋಗಶಾಲೆಯಲ್ಲಿ. ಎದುರಾದರೆ ನನಗೆ ನಮಸ್ಕಾರ ಹೇಳುವುದಿಲ್ಲ. ಎರಡೂ ದಿನ ಅಲ್ಲಿದ್ದವನು ನಿಮ್ಮ ಬೀದರಿನಲ್ಲೇ ಇದ್ದಾನೆ. ಕೇಳಿದರೆ ಹೇಳಲಾರ. ಅವನ ಕೈ ನೋಡಿ.