ಮೊದಲು ಒರೆಸು
ಅರವತ್ತರ ದಶಕದಲ್ಲಿ ನಾನು ಸಾಗರದಲ್ಲಿ ಬಿಎಸ್ಸಿ ಓದುವಾಗ, ನಮ್ಮ ಲ್ಯಾಬ್ ಅಟೆಂಡರ ಹೆಗಲ ಮೇಲೆ ಸದಾ ಒಂದು ಮಡಿಸಿದ ಪಾಣಿಪಂಚೆ ಇರುತ್ತಿತ್ತು. ದ್ರಾವಣ ಎಷ್ಟು ಬೆಳಕು ನುಂಗುತ್ತದೆಂದು ನೋಡಿ ಅದರ ಸಾಂದ್ರತೆ ತಿಳಿಸುವ ಯಂತ್ರಕ್ಕೆ ನಾವು ಗಾಜಿನ ಕೊಳವೆ ಇಡಹೋದರೆ, "ಮೊದ್ಲು ಒರ್ಸು ಮಾರಾಯ, ಆಮೇಲ್ ನೋಡು" ಎನ್ನುತ್ತಿದ್ದರು.

ಪರೀಕ್ಷೆಯ ದಿನ, ಊಟ ಮುಗಿಸಿ ಬಂದ ಪರೀಕ್ಷಕರು ನನ್ನ ನೀಲಿ ದ್ರಾವಣವನ್ನು ತಾವೇ ಯಂತ್ರಕ್ಕಿಟ್ಟರು. ಮುಳ್ಳು ನಾನು ಬರೆದ ಅಂಕಿಯನ್ನು ದಾಟಿ ಎಲ್ಲೋ ಹೋಗಿ ನಿಂತಿತು.

"ಲೆಕ್ಕ ತಪ್ಪು. ಫೇಲು" ಎಂದರು.

ಅಟೆಂಡರು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗಾಜಿನ ಮೇಲೆ ಬೆಳ್ಳಗೆ ಒಂದು ಹೆಬ್ಬೆಟ್ಟಿನ ಗುರುತು! ಪರೀಕ್ಷಕರು ಆಗಷ್ಟೇ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡಿದ್ದರು. ಒರೆಸಿ ಇಟ್ಟಾಗ ಮುಳ್ಳು ನನ್ನ ಅಂಕಿಗೇ ಬಂತು.

ಅಟೆಂಡರು ಪಾಣಿಪಂಚೆಯನ್ನು ಪರೀಕ್ಷಕರ ಮುಂದೆ ಹಿಡಿದರು.

"ಮೊದ್ಲು ಕೈ ಒರ್ಸ್ಕಳಿ ಸಾರ್, ಆಮೇಲ್ ಫೇಲ್ ಮಾಡಿ."