ನೂನ್ ಕ್ಲಾಸ್

ನಾನಾಗ ಕಳಸದ ಹತ್ತಿರದ ಒಂದು ಶಾಲೆಯಲ್ಲಿ ಕನ್ನಡ ಟೀಚರ್. ದೂರಶಿಕ್ಷಣದಲ್ಲಿ ಬಿ.ಎ. ಕಟ್ಟಿ, ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೆ. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಪತ್ರಿಕೆ ಕೊಂಡು ಓದುತ್ತಿದ್ದವರು ಪಿ.ಟಿ. ಮೇಷ್ಟ್ರು ಒಬ್ಬರೇ. ಅದೂ ಆಟದ ಪುಟ ಮಾತ್ರ. ನಾಚಿಕೆ ಬಿಟ್ಟು ಕೇಳಿದೆ, "ಸರ್, ನೌನ್ ಕ್ಲಾಸ್ ಹೇಳ್ಕೊಡ್ತೀರಾ?"

"ಅದಕ್ಕೇನಂತೆ!" ಅಂದರು. ಮರುದಿನ ಊಟದ ಬಿಡುವಿನಲ್ಲಿ ನೋಡಿದರೆ, ಬುತ್ತಿ ಡಬ್ಬಿ, ಪತ್ರಿಕೆ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದಾರೆ.

"ನೀವೇ ಅಲ್ವಾ ಮೇಡಂ, ನೂನ್ ಕ್ಲಾಸ್ ಅಂದಿದ್ದು? ಮಧ್ಯಾಹ್ನದ ಕ್ಲಾಸು?"

ನಕ್ಕು ನಕ್ಕು ನನಗೆ ಸಾಕಾಯಿತು. ನಾನು ಕೇಳಿದ್ದು ವ್ಯಾಕರಣದ ನೌನ್ ಕ್ಲಾಸ್, ಅಂದರೆ ದೊಡ್ಡ ವಾಕ್ಯದೊಳಗೆ ನಾಮಪದದ ಹಾಗೆ ಕೂರುವ ಉಪವಾಕ್ಯ. ಅಂದಿನಿಂದ ಅದಕ್ಕೆ ನೂನ್ ಕ್ಲಾಸ್ ಎಂಬ ಹೆಸರೇ ಉಳಿಯಿತು.

ಗೈಡಿನ ವಿವರಣೆ ನಾನು ಓದುವುದು, ಉದಾಹರಣೆ ಅವರು ಪತ್ರಿಕೆಯಲ್ಲಿ ಹುಡುಕುವುದು. ಆಟದ ಪುಟದ ತುಂಬ ಅದೇ. ಪಿಚ್ ನಿಧಾನವಾಗಿತ್ತು ಎಂದು ಕ್ಯಾಪ್ಟನ್ ಹೇಳಿದ, ಯಾಕೆ ಸೋತೆವೋ ಗೊತ್ತಿಲ್ಲ ಎಂದು ಕೋಚ್ ಒಪ್ಪಿಕೊಂಡ. ಕನ್ನಡದಲ್ಲಿ ಮಾತು ಮೊದಲು ಬರುತ್ತದೆ, 'ಅಂತ ಇಂಥವರು ಹೇಳಿದರು' ಎನ್ನುವುದು ಕೊನೆಗೆ. ಇಂಗ್ಲಿಷಿನಲ್ಲಿ ಎಲ್ಲ ತಿರುಗುಮುರುಗು. ನಾನು ಎಡವುತ್ತಿದ್ದದ್ದೇ ಅಲ್ಲಿ.

"ಎಂಥಕ್ಕೆ ಅಷ್ಟು ಗಾಬರಿ ಮಾರಾಯ್ರೆ? ಮೊದ್ಲು ಚೆಂಡು ಯಾರ ಕೈಲಿದೆ ನೋಡಿ, ಅಂದ್ರೆ ಮಾತು ಯಾರದ್ದು ಅಂತ. ಎಲ್ಲಿಗೆ ಹೋಯ್ತು ಅಂತ ಆಮೇಲೆ ನೋಡಿದ್ರಾಯ್ತು."

ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗಾಗಿದ್ದ ವಾರ ಅವರಿಗೆ ದೂರದ ಊರಿಗೆ ವರ್ಗವಾಯಿತು. ಕೊನೆಯ ದಿನ ಪತ್ರಿಕೆ ತಂದಿರಲಿಲ್ಲ. ತಾವೇ ಬರೆದ ಒಂದು ಹಾಳೆ ಮುಂದಿಟ್ಟರು. ಮೂರೇ ವಾಕ್ಯ, ಮೂರೂ ಅರ್ಧ. ಐ ಹೋಪ್ ದ್ಯಾಟ್. ಐ ಡೋಂಟ್ ನೋ ವೆದರ್ ಯು. ಐ ವಿಶ್ ದ್ಯಾಟ್. ಮುಂದೆ ಖಾಲಿ ಜಾಗ.

"ನಿಧಾನಕ್ಕೆ ತುಂಬಿ ಮೇಡಂ. ಪೆನ್ಸಿಲಲ್ಲಿ ಬರೀರಿ, ಬೇಡ ಅನ್ಸಿದ್ರೆ ಅಳಿಸ್ಬಹುದು."

ನನ್ನ ಜಂಬವೋ ಜಂಬ! ಪೆನ್ನಿನಲ್ಲೇ ಗೀಚಿದೆ. ನಮ್ಮ ತಂಡ ಗೆಲ್ಲುತ್ತದೆ ಎಂದು ಆಶಿಸುತ್ತೇನೆ. ನೀವು ನಿನ್ನೆಯ ಮ್ಯಾಚ್ ನೋಡಿದಿರೋ ಇಲ್ಲವೋ ಗೊತ್ತಿಲ್ಲ. ಫೈನಲ್ ದಿನ ಮಳೆ ಬಾರದಿರಲಿ ಎಂದು ಬಯಸುತ್ತೇನೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಅವರು ಬಹಳ ಹೊತ್ತು ಓದಿದರು. ಕೆಂಪು ಪೆನ್ನಿನಲ್ಲಿ ಮೂರಕ್ಕೂ ಸರಿ ಗುರುತು ಹಾಕಿದರು. "ಎಲ್ಲಾ ಸರಿ ಇದೆ ಮೇಡಂ. ಈ ಸಲ ಪಾಸಾಗ್ತೀರಿ" ಎಂದು ಹಾಳೆ ನನ್ನ ಕೈಗೇ ಕೊಟ್ಟು ಮೂಡಿಗೆರೆ ಬಸ್ಸು ಹತ್ತಿದರು. ಪಾಸೂ ಆದೆ.

ಈಗ ನಾನೇ ಇಂಗ್ಲಿಷ್ ಟೀಚರ್. ನೌನ್ ಕ್ಲಾಸ್ ಬಂದಾಗಲೆಲ್ಲ ಆಟದ ಪುಟವನ್ನೇ ಹಿಡಿದುಕೊಂಡು ಹೋಗುತ್ತೇನೆ. ಕಳೆದ ತಿಂಗಳು ಒಂದು ವರದಿಯ ವಾಕ್ಯಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಕ್ಯಾಪ್ಟನ್ ಹೇಳಿದ, ಕೋಚ್ ಆಶಿಸಿದ, ಡಾಕ್ಟರ್ ಶಂಕಿಸಿದರು. ಚೆಂಡು ಯಾರ ಕೈಲಿದೆ ಎಂದು ಅಭ್ಯಾಸಬಲದಿಂದ ನೋಡುತ್ತ ಹೋದರೆ, ಇಡೀ ವರದಿಯಲ್ಲಿ ಒಂದೂ 'ಐ' ಇಲ್ಲ. ಆಟದ ವರದಿಗಾರ ತನ್ನ ಆಸೆಯನ್ನು ಹೇಳಿಕೊಳ್ಳುವುದೇ ಇಲ್ಲ, ಎಲ್ಲ ಬೇರೆಯವರದು.

ಚಾಕ್‌ಪೀಸ್ ಕೈಯಲ್ಲೇ ನಿಂತಿತು. ಮೇಷ್ಟ್ರ ಮೂರು ವಾಕ್ಯವೂ 'ಐ' ಎಂದೇ ಶುರುವಾಗಿದ್ದವಲ್ಲ! ಅವು ಯಾವ ಪತ್ರಿಕೆಯಿಂದಲೂ ಬಂದವಲ್ಲ, ಅವರದೇ ಮಾತು. ಅಯ್ಯೋ, ಎಂಥ ಪೆದ್ದಿ ನಾನು! ಅವರು ಹೇಳಿಕೊಟ್ಟ ಒಂದೇ ಪಾಠವನ್ನು ಅವತ್ತೊಂದು ದಿನ ಮರೆತೆನಲ್ಲ.

ಅವರನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ. ಈಗ ಎಲ್ಲಿದ್ದಾರೋ, ಯಾರಿಗೂ ತಿಳಿಯದು. ಹಾಳೆ ಮಾತ್ರ ನನ್ನ ಸರ್ಟಿಫಿಕೇಟುಗಳ ಜೊತೆ ಭದ್ರವಾಗಿದೆ. ಐ ವಿಶ್ ದ್ಯಾಟ್ ಎನ್ನುವುದರ ಮುಂದೆ ಏನು ಬರೆಯಬೇಕೆಂದು ಈಗ ನನಗೆ ಗೊತ್ತು. ಆದರೆ ಅಲ್ಲಿ ಜಾಗವಿಲ್ಲ. ಮಳೆ ಬಾರದಿರಲಿ ಎಂದು ಶಾಯಿಯಲ್ಲಿ ಬರೆದಿದ್ದೇನೆ, ಪಕ್ಕದಲ್ಲೇ ಅವರ ಕೆಂಪು ಸರಿ ಗುರುತಿದೆ.