ಐರಣಿಯ ಕೂಸಿನ ಹೊಕ್ಕಳಬಳ್ಳಿ

ಕೊರೊನಾ ಗದ್ದಲ ಇಳಿದು ಎರಡು ವರ್ಷವಾಗಿತ್ತು. ಆಗ ನಾನು ಹಾವೇರಿಯ ಒಂದು ಸಣ್ಣ ಲ್ಯಾಬಿನಲ್ಲಿ ಸಂಶೋಧಕಿ. ರಕ್ತನಾಳದ ಒಳಗೋಡೆಯ ಕೋಶಗಳಿಗೆ ಹೊಸ ಜೀನ್ ಸೇರಿಸುವುದು ನಮ್ಮ ಕೆಲಸ. ಅದನ್ನು ಹೊತ್ತೊಯ್ಯಲು, ರೋಗ ತರುವ ಭಾಗ ತೆಗೆದುಹಾಕಿದ ವೈರಸ್ ಬಳಸುತ್ತಿದ್ದೆವು. ಇದೇ ವೈರಲ್ ವೆಕ್ಟರ್. ಕೋಶಗಳು ಸಿಗುತ್ತಿದ್ದುದು ಹೆರಿಗೆಯಾದ ಮೇಲೆ ಉಳಿಯುವ ಹೊಕ್ಕಳಬಳ್ಳಿಯಿಂದ.

ಹೆರಿಗೆಗೆಂದು ರಾಣೆಬೆನ್ನೂರಿಗೆ ಬಂದಿದ್ದ ಐರಣಿಯ ರೇಣುಕಾಗೆ ನಾನೇ ಎಲ್ಲ ಬಿಡಿಸಿ ಹೇಳಿ, ಬಳ್ಳಿ ಕೊಡಲು ಒಪ್ಪಿಗೆಯ ಸಹಿ ಪಡೆದೆ. ಅವಳ ಅತ್ತೆ ಶಾಂತವ್ವ ಚಹಾ ತರಲು ಹೋಗಿದ್ದರು. ಬ್ಯಾಡಗಿಯ ನನ್ನ ಮನೆಗೆ ಬಸ್ಸು ಹಿಡಿಯುವ ಅವಸರದಲ್ಲಿ ನಾನು ಅವರಿಗಾಗಿ ಕಾಯಲಿಲ್ಲ.

ಹೆರಿಗೆಯಾದ ಎಂಟನೇ ದಿನ ಬೆಳಿಗ್ಗೆ ಮೈಕ್ರೋಸ್ಕೋಪಿನಡಿ ಕೋಶಗಳು ಹಸಿರಾಗಿ ಹೊಳೆದವು. ಜೀನ್ ಒಳಸೇರಿದ್ದಕ್ಕೆ ಅದೇ ಗುರುತು. ಹಿಗ್ಗಿನಿಂದ ಎದ್ದರೆ ಬಾಗಿಲಲ್ಲಿ ಶಾಂತವ್ವ, ಹಿಂದೆ ಅಳುತ್ತ ರೇಣುಕಾ. ಶಾಂತವ್ವನ ತೋಳಲ್ಲಿದ್ದ ಕೂಸಿನ ಮೈ ಸುಡುತ್ತಿತ್ತು. ಅದು ಹಾಲು ಕುಡಿಯುತ್ತಿರಲಿಲ್ಲ, ಅಳಲೂ ಅದಕ್ಕೆ ತ್ರಾಣವಿರಲಿಲ್ಲ. ರಾಣೆಬೆನ್ನೂರಿನ ಆಸ್ಪತ್ರೆಯ ಮುಂದೆಯೇ ಹಾದು ಅವರು ನನ್ನ ಲ್ಯಾಬಿಗೆ ಬಂದಿದ್ದರು.

"ನೀವು ಬಳ್ಳಿಗೆ ವೈರಸ್ ಹಾಕೀರಂತ, ಸೊಸಿ ಹೇಳಿದ್ಲು. ಅದಕ್ಕ ಕೂಸಿಗೆ ಜ್ವರ ಬಂದೈತಿ. ಬಳ್ಳಿ ಕೊಡ್ರಿ ಅಕ್ಕಾರ, ಹಿತ್ತಲದಾಗ ಹುಗೀತೇವಿ. ಅಲ್ಲಿತನಕ ದವಾಖಾನಿಗೆ ಒಯ್ಯಂಗಿಲ್ಲ" ಎಂದರು ಶಾಂತವ್ವ.

ಬಳ್ಳಿಯನ್ನು ಆಳವಾಗಿ ಹೂಳುವುದು ಅವರ ಮನೆಯ ರೂಢಿ. ನಾಯಿ ಮುಟ್ಟಿದರೆ, ಬೆಂಕಿ ತಾಗಿದರೆ ಕೂಸಿಗೆ ಕೇಡು ಎಂಬ ನಂಬಿಕೆ. ನಮ್ಮಲ್ಲೋ, ಕೋಶ ತೆಗೆದ ಮೇಲೆ ಉಳಿದದ್ದು ನಿಯಮದಂತೆ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋಗಿ ಸುಟ್ಟು ಬೂದಿಯಾಗಿ ವಾರವಾಗಿತ್ತು. ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ಹಸುಗೂಸಿಗೆ ಸೋಂಕು ರಕ್ತಕ್ಕಿಳಿದರೆ ಒಂದೊಂದು ತಾಸೂ ಮುಖ್ಯ.

"ಬಳ್ಳಿ ಐಸ್ ಪೆಟ್ಟಿಗ್ಯಾಗ ಐತಿ ಅವ್ವಾ. ಮೊದಲ ದವಾಖಾನಿಗೆ ನಡೀರಿ. ಆಮ್ಯಾಲೆ ನಾನs ತಂದು ಕೊಡತೇನಿ" ಎಂದೆ.

ಶಾಂತವ್ವ ನನ್ನ ಮುಖ ದಿಟ್ಟಿಸಿ ನೋಡಿ, ಕೂಸನ್ನು ನನ್ನ ಕೈಗಿತ್ತರು. ಕತ್ತರಿಸಿ ತಂದ ಬಳ್ಳಿಯಿಂದ ಕೂಸಿಗೆ ಏನೂ ದಾಟಲಾರದು ಎಂಬುದು ನನಗೆ ಗೊತ್ತು. ಆದರೂ ಆಟೋದಲ್ಲಿ ಆ ಪುಟ್ಟ ಮೈಯ ಕಾವು ತೊಡೆಗೆ ತಾಗುತ್ತಿದ್ದಾಗ ಓದಿದ್ದೆಲ್ಲ ಮರೆತುಹೋಯಿತು. ನಾನೇ ಏನಾದರೂ ಮಾಡಿಬಿಟ್ಟೆನೇ ಎಂದು ಅನುಮಾನ ಬಂತು. ಕೂಸು ಹೋದರೆ ಈ ಸುಳ್ಳನ್ನು ಹೊತ್ತು ಹೇಗೆ ಬದುಕಲಿ ಎಂದೂ ಹೆದರಿದೆ.

ಆಸ್ಪತ್ರೆಯಲ್ಲಿ ನೋಡಿದರೆ ಸೋಂಕು ರಕ್ತಕ್ಕಿಳಿದಿತ್ತು. ಮೂರು ದಿನ ವೈದ್ಯರು ಯಾವ ಭರವಸೆಯನ್ನೂ ಕೊಡಲಿಲ್ಲ. ನಾಲ್ಕನೇ ದಿನ ಕೂಸು ಜೋರಾಗಿ ಅತ್ತಿತು. ವಾರ್ಡಿನ ಹೊರಗೆ ನಾನೂ ಅತ್ತುಬಿಟ್ಟೆ.

ಮನೆಗೆ ಕಳಿಸುವ ದಿನ ಶಾಂತವ್ವ ಹೊಸ ಮಣ್ಣಿನ ಕುಡಿಕೆ ಹಿಡಿದು ಬಂದರು, ಬಳ್ಳಿ ಒಯ್ಯಲು. ನಿಜ ಹೇಳಿದೆ. ಬೈಯುತ್ತಾರೆಂದು ತಲೆತಗ್ಗಿಸಿ ನಿಂತೆ. ಅವರು ಖಾಲಿ ಕುಡಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡರು.

"ಖರೇ ಅವತ್ತs ಹೇಳಿದ್ರ, ಕೂಸಿನ್ನ ನಿಮ್ಮ ಕೈಯಾಗ ಕೊಡತಿದ್ದಿಲ್ಲ" ಎಂದರು.

ಆ ಮಾತನ್ನು ಈಗಲೂ ಮರೆತಿಲ್ಲ. ಅಂದಿನಿಂದ ಸಹಿಯ ಕಾಗದ ತೆಗೆಯುವ ಮೊದಲು, "ನಿಮ್ಮ ಮನ್ಯಾಗ ಬಳ್ಳಿ ಹುಗಿಯೋರು ಯಾರವ್ವಾ?" ಎಂದು ಕೇಳುತ್ತೇನೆ. ಅವರು ಚಹಾ ತರಲು ಹೋಗಿದ್ದರೆ ಬರುವವರೆಗೂ ಕೂತಿರುತ್ತೇನೆ. ಬ್ಯಾಡಗಿಯ ಬಸ್ಸು ಹೋದರೆ ಹೋಗಲಿ.